ಆರಂಭಸ್ಥಿತಿಯ ಮಹತ್ವ : ಅವಕಲ ಸಮೀಕರಣವೂ ಇದ್ದಿಲಿನ ವಯಸ್ಸೂ

ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಡೆದ ಉತ್ಖನನವು ನೂತನ ಶಿಲಾಯುಗದ ಜನವಸತಿಯೊಂದನ್ನು ಬೆಳಕಿಗೆ ತಂದಿತು. ಅಲ್ಲಿಯ ಮಾದರಿಗಳ ಕಾಲವನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಪ್ರಯೋಗಾಲಯವು ಅಳೆಯಿತು. ಶಾಸನಗಳಿಲ್ಲದ ಯುಗದ ಇದ್ದಿಲ ಚೂರೊಂದು ತನ್ನ ವಯಸ್ಸನ್ನು ಹೇಳುವುದೆಂತು? ಪ್ರಥಮ ಕ್ರಮದ ಅವಕಲ ಸಮೀಕರಣವೊಂದು ಇದಕ್ಕೆ ಆಧಾರ.

ಜೀವಂತ ವೃಕ್ಷವು ಗಾಳಿಯಿಂದ ಇಂಗಾಲ-14ನ್ನು ಹೀರುತ್ತಿರುತ್ತದೆ. ಅದು ಸತ್ತೊಡನೆ ಆದಾಯ ನಿಂತು, ವ್ಯಯವೊಂದೇ ಉಳಿಯುತ್ತದೆ. ಯಾವ ಕ್ಷಣದಲ್ಲಿಯೂ ಕ್ಷಯದ ವೇಗವು ಆಗ ಉಳಿದಿರುವ ಪರಿಮಾಣಕ್ಕೆ ಅನುಪಾತದಲ್ಲಿರುತ್ತದೆ. ಪರಿಮಾಣವು ‘ಪ’, ಕಳೆದ ಕಾಲವು ‘ಕ’, ಕ್ಷಯಾಂಕವು ‘ಕ್ಷ’ ಎಂದಿಟ್ಟುಕೊಂಡರೆ,

ಪ ಬದಲಾಗುವ ದರ = − ಕ್ಷ × ಪ

ಪರಿಮಾಣದ ಪದಗಳನ್ನು ಒಂದು ಕಡೆಗೂ ಕಾಲದ ಪದಗಳನ್ನು ಇನ್ನೊಂದು ಕಡೆಗೂ ಬೇರ್ಪಡಿಸಿ ಅನುಕಲನ ಮಾಡಿದರೆ, ಸ್ವಾಭಾವಿಕ ಲಘುಗಣಕದಲ್ಲಿ,

ಲಘುಗಣಕ ಪ = − ಕ್ಷ × ಕ + ಸ್ಥ

‘ಸ್ಥ’ ಎಂಬ ಸ್ಥಿರಾಂಕಕ್ಕೆ ಯಾವ ಬೆಲೆಯನ್ನಿತ್ತರೂ ನಿಯಮಕ್ಕೆ ಭಂಗವಿಲ್ಲ. ಆದುದರಿಂದ ಪರಿಹಾರಗಳು ಅಸಂಖ್ಯ. ಇವುಗಳಲ್ಲಿ ಈ ಇದ್ದಿಲಿನದು ಯಾವುದೆಂಬುದನ್ನು ಸಮೀಕರಣ ತಿಳಿಸಲಾರದು. ಬಡ್ಡಿಯ ದರ ತಿಳಿದ ಮಾತ್ರಕ್ಕೆ ಸಾಲದ ಮೊತ್ತ ತಿಳಿಯದು, ಅಸಲೆಷ್ಟೆಂಬುದು ಪತ್ರದಲ್ಲಿರಬೇಕು. ಮರ ಸತ್ತಾಗ, ಎಂದರೆ ಕ = 0 ಇದ್ದಾಗ, ಪರಿಮಾಣ ‘ಆ’ ಎಂದಿದ್ದರೆ ಸ್ಥ = ಲಘುಗಣಕ ಆ. ಆಗ,

ಕ = ಲಘುಗಣಕ (ಆ ÷ ಪ) ÷ ಕ್ಷ

ಇಂಗಾಲ-14ರ ಅರ್ಧಾಯು ಸುಮಾರು 5,730 ವರ್ಷ; ಆದುದರಿಂದ ಕ್ಷ = 0.693 ÷ 5,730. ಮೂಲ ಪರಿಮಾಣದ ಎಂಟರಲ್ಲಿ ಐದು ಪಾಲು ಉಳಿದಿದ್ದರೆ ಆ ÷ ಪ = 1.6, ಅದರ ಲಘುಗಣಕ 0.470, ವಯಸ್ಸು ಸುಮಾರು 3,885 ವರ್ಷ.

ಆದರೆ ‘ಆ’ ಎಷ್ಟಿತ್ತೆಂಬುದನ್ನು ಕಂಡವರಾರು? 1949ರಲ್ಲಿ ಈ ವಿಧಾನವನ್ನು ಪ್ರಕಟಿಸಿ, 1960ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿಲ್ಲರ್ಡ್ ಲಿಬ್ಬಿಯವರು, ಪ್ರಾಚೀನ ವಾಯುಮಂಡಲದಲ್ಲಿಯೂ ಇಂಗಾಲ-14ರ ಪ್ರಮಾಣ ಇಂದಿನಷ್ಟೇ ಇತ್ತೆಂದು ಭಾವಿಸಿದ್ದರು. ಅದು ಕಾಲಕಾಲಕ್ಕೆ ಏರಿಳಿದಿದೆಯೆಂಬುದನ್ನು 1958ರಲ್ಲಿ ಹಾಲೆಂಡಿನ ಹೆಸೆಲ್ ಡ ವ್ರೀಸ್ ತೋರಿಸಿದರು. ಊಹಿಸಿದ್ದಕ್ಕಿಂತ ‘ಆ’ ನೂರಕ್ಕೆ ಎರಡರಷ್ಟು ಹೆಚ್ಚಿದ್ದರೂ ವಸ್ತುವಿನ ನಿಜವಾದ ವಯಸ್ಸು ಸುಮಾರು 164 ವರ್ಷ ಹೆಚ್ಚುತ್ತದೆ. ಒಂದು ರಾಜವಂಶದ ಆಳ್ವಿಕೆಯೇ ಅಷ್ಟರಲ್ಲಿ ಮುಗಿದುಹೋಗಬಹುದು!

ಈ ದೋಷವನ್ನು ತಿದ್ದಲು ವೃಕ್ಷಗಳ ವಾರ್ಷಿಕ ಉಂಗುರಗಳು ನೆರವಾದುವು. ಎಣಿಸಿ ವರ್ಷವನ್ನು ನಿಶ್ಚಯಿಸಿದ ಉಂಗುರಗಳಲ್ಲಿ ಇಂಗಾಲ-14ನ್ನು ಅಳೆದು ತಿದ್ದುಪಡಿಯ ಕೋಷ್ಟಕಗಳನ್ನು ರಚಿಸಲಾಗಿದೆ. ಉತ್ಖನನ ವರದಿಯಲ್ಲಿ ಕಾಣುವ ಕಾಲವು ಈ ತಿದ್ದುಪಡಿಗೆ ಒಳಗಾದುದೋ ಅಲ್ಲವೋ ಎಂದು ಇತಿಹಾಸದ ವಿದ್ಯಾರ್ಥಿಯು ಮೊದಲು ವಿಚಾರಿಸತಕ್ಕದ್ದು. ಕ್ಷಯದ ನಿಯಮವನ್ನು ಗಣಿತವು ಬಿಡಿಸಿಕೊಡುತ್ತದೆ. ಆರಂಭಸ್ಥಿತಿಯನ್ನಾದರೋ ಸಾಕ್ಷ್ಯದಿಂದಲೇ ಸಂಪಾದಿಸಬೇಕು.