ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಮಗುವಿನ ಆರೈಕೆ

ಗಂಟಲಿನ ಇಕ್ಕೆಲಗಳಲ್ಲಿರುವ ಟಾನ್ಸಿಲ್‌ಗಳು ಪದೇ ಪದೇ ಬಾತು ಜ್ವರ ತರುತ್ತಿದ್ದರೆ, ಇಲ್ಲವೆ ಅತಿಯಾಗಿ ಬೆಳೆದು ನಿದ್ರೆಯಲ್ಲಿ ಉಸಿರಿಗೆ ತಡೆಯೊಡ್ಡುತ್ತಿದ್ದರೆ, ವೈದ್ಯರು ಅವುಗಳನ್ನು ತೆಗೆಸಲು ಸಲಹೆ ಮಾಡುತ್ತಾರೆ. ಶಸ್ತ್ರಚಿಕಿತ್ಸೆ ಬೇಗನೆ ಮುಗಿಯುತ್ತದೆ. ಗಾಯ ಮಾಯಲು ಮಾತ್ರ 10ರಿಂದ 14 ದಿನಗಳು ಬೇಕು. ಈ ದಿನಗಳ ಹೊಣೆ ಮನೆಯವರದು.

ಈ ಅವಧಿಯಲ್ಲಿ ಮುಖ್ಯವಾದುದು ಮಗು ನುಂಗುತ್ತಿರುವುದು. ನೋವಿಗೆ ಅಂಜಿ ಮಗು ನೀರನ್ನೂ ಒಲ್ಲೆನೆನ್ನುತ್ತದೆ. ಹಿರಿಯರು ಮರುಕದಿಂದ ಸುಮ್ಮನಾಗುತ್ತಾರೆ. ಆದರೆ ನುಂಗದಿದ್ದಷ್ಟೂ ಗಂಟಲು ಒಣಗಿ ನೋವು ಹೆಚ್ಚುತ್ತದೆ, ದೇಹದ ನೀರಿನಂಶ ಕುಗ್ಗುತ್ತದೆ. ಆದುದರಿಂದ ಎಚ್ಚರವಿರುವಾಗಲೆಲ್ಲ ಆಗಾಗ ಎರಡು ಗುಟುಕು ಕುಡಿಸುತ್ತಿರಬೇಕು. ಇಡೀ ಹಗಲು ಮೂತ್ರ ಅತಿ ಕಡಿಮೆಯಾದರೆ ವೈದ್ಯರಿಗೆ ತಿಳಿಸಬೇಕು.

ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಬರೆದುಕೊಟ್ಟ ನೋವಿನ ಔಷಧವನ್ನು ಮೊದಲ ಕೆಲವು ದಿನ ಹೊತ್ತುಹೊತ್ತಿಗೆ ಕೊಡುವುದು ಲೇಸು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ನುಂಗುವುದು ಹಗುರಾಗುತ್ತದೆ. ಆಸ್ಪಿರಿನ್ ಸಲ್ಲದು. ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೊಡೀನ್ ಮಗುವಿನ ಉಸಿರನ್ನೇ ಕುಂದಿಸಬಲ್ಲದು. 12 ವರ್ಷದೊಳಗಿನ ಮಕ್ಕಳಿಗೆ ಅದು ಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಸಾರಿತು. ಮನೆಯಲ್ಲಿ ಉಳಿದ ಹಳೆಯ ಸೀಸೆಗಳನ್ನು ಮುಟ್ಟದಿರಿ.

ತಣ್ಣನೆಯದು ಕೊಟ್ಟರೆ ನೆಗಡಿಯಾದೀತೆಂದು ಅಜ್ಜಿಯಂದಿರು ಅಂಜುವುದುಂಟು. ಈ ಗಾಯಕ್ಕೆ ತಂಪು ಹಿತಕರವೇ. ಐಸ್‌ಕ್ರೀಂ ಕೂಡ ಕೊಡಬಹುದು. ಆರಿಸಿದ ರಾಗಿ ಅಂಬಲಿ, ಅಕ್ಕಿ ಗಂಜಿ, ಹುಳಿಯಿಲ್ಲದ ಮೊಸರನ್ನ, ಹಾಲು, ಎಳನೀರು, ಬಾಳೆಹಣ್ಣು ಉತ್ತಮ ಆಹಾರ. ಕಡಕ್ ರೊಟ್ಟಿ, ಚಕ್ಕುಲಿ, ಖಾರ, ಹುಳಿಹಣ್ಣಿನ ರಸ, ಸುಡುವ ಸಾರು ಬೇಡ.

ಗಂಟಲಲ್ಲಿ ಕಾಣುವ ಬಿಳಿಯ ಪೊರೆ ಕೀವಲ್ಲ. ಮೈಮೇಲಿನ ಗಾಯಕ್ಕೆ ಹಕ್ಕಳೆ ಕಟ್ಟುವಂತೆ ಅದು ಮಾಯುವಿಕೆಯ ಗುರುತು. ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಅದನ್ನು ಒರೆಸಬಾರದು. ಬಾಯಿ ವಾಸನೆಯೂ ಕೆಲವು ದಿನ ಸಹಜ. ಗಂಟಲಿಗೂ ಕಿವಿಗೂ ಹೋಗುವ ನರವೊಂದು ಇರುವುದರಿಂದ ಕಿವಿ ನೋಯಬಹುದು. ಕಿವಿಗೆ ಎಣ್ಣೆ ಹಾಕಬೇಡಿ.

ಹೆಚ್ಚಿನ ಎಚ್ಚರ ಬೇಕಾದುದು ರಕ್ತಸ್ರಾವದ ವಿಷಯದಲ್ಲಿ. ಮೊದಲ 24 ಗಂಟೆ ಕಳೆದರೆ ಗಂಡಾಂತರ ಕಳೆಯಿತೆಂದು ತಿಳಿಯಬಾರದು. ಆ ಪೊರೆ ಕಳಚುವ 5ರಿಂದ 10ನೆಯ ದಿನದ ನಡುವೆ, ಮಗು ಚೇತರಿಸಿತೆಂದು ಮನೆ ನೆಮ್ಮದಿಗೊಂಡಾಗಲೇ, ರಕ್ತ ಒಸರಬಹುದು. ಮಗು ರಕ್ತವನ್ನು ಉಗುಳದೆ ನುಂಗಿಬಿಡುವುದರಿಂದ ಅದು ಕಣ್ಣಿಗೆ ಬೀಳದೆ ಹೋಗಬಹುದು. ನಿದ್ರೆಯಲ್ಲಿ ಪದೇ ಪದೇ ನುಂಗುವುದು, ಕಾಫಿಪುಡಿಯ ಬಣ್ಣದ ವಾಂತಿ ಇದರ ಸೂಚನೆಗಳು. ಇಂಥ ಸೂಚನೆ ಕಂಡರೆ, ಅಥವಾ ಕೆಂಪು ರಕ್ತ ಕಂಡರೆ, ಮಗುವನ್ನು ಕೂರಿಸಿ ಮುಂದಕ್ಕೆ ಬಾಗಿಸಿ, ರಕ್ತ ಉಗುಳಿಸುತ್ತ, ಏನನ್ನೂ ತಿನ್ನಿಸದೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಡುರಾತ್ರಿಯಾದರೂ ಬೆಳಗಾಗಲೆಂದು ಕಾಯುವಂತಿಲ್ಲ.

ಆದ್ದರಿಂದ ಎರಡು ವಾರ ಶಾಲೆ, ಓಟದಾಟ, ಜಾತ್ರೆ, ದೂರದ ಪ್ರಯಾಣ ಬಿಟ್ಟು, ಆಸ್ಪತ್ರೆ ಹತ್ತಿರವಿರುವಲ್ಲಿ ಮಗುವನ್ನು ಇರಿಸಿಕೊಳ್ಳುವುದು ವಿವೇಕ. ರಾತ್ರಿ ಹಿರಿಯರೊಬ್ಬರು ಮಗ್ಗುಲಲ್ಲಿಯೇ ಮಲಗಲಿ.