ಕಾಲು ಮೀಟರಿನ ಸುಂಕ

ಉಮರ್ಗಾವನ್ನು ಹಾಯ್ದುಹೋಗುವ ಸೊಲ್ಲಾಪುರ–ಹೈದರಾಬಾದು ಹೆದ್ದಾರಿಯಲ್ಲಾಗಲಿ, ನಿಲಂಗಾ, ಉದಗೀರಗಳತ್ತ ಒಳಸರಿಯುವ ರಸ್ತೆಗಳಲ್ಲಾಗಲಿ, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುವ ಕುಟುಂಬವೊಂದು ತುಳಜಾಪುರಕ್ಕೋ ಬಸವಕಲ್ಯಾಣಕ್ಕೋ ಹೊರಟಾಗ ವಾಹನದಿಂದ ಮೊದಲು ಬಯಸುವುದು ಸೌಂದರ್ಯವನ್ನಲ್ಲ. ಹಿಂದಿನ ಸೀಟಿನಲ್ಲಿ ಮೂವರಿಗೆ ಎಡೆ, ಗಂಟುಮೂಟೆಗಳಿಗೆ ವಿಶಾಲವಾದ ಡಿಕ್ಕಿ, ಡೀಸೆಲ್ಲಿನ ಮಿತವ್ಯಯ. ಈ ಬಯಕೆಗೆ ಒಪ್ಪುವಂತೆ ಫ್ರಾನ್ಸಿನ ರೆನೋ ಸಂಸ್ಥೆ ರೂಪಿಸಿದ ಲೋಗನ್ ಕಾರು ಇದೇ ಮಹಾರಾಷ್ಟ್ರದ ನಾಸಿಕದಲ್ಲಿ ಸಿದ್ಧವಾಗುತ್ತಿತ್ತು.

ಅದರ ಮೂಲ ರಷ್ಯಾದಲ್ಲಿದೆ. ಕಾಲಬಾಹಿರವಾದ ಲಾಡಾ ಕಾರುಗಳು ಅಗ್ಗವೆಂಬ ಕಾರಣದಿಂದಲೇ ಅಲ್ಲಿ ಮಾರಾಟವಾಗುತ್ತಿದ್ದುದನ್ನು ತೊಂಬತ್ತರ ದಶಕದ ಕೊನೆಯಲ್ಲಿ ಕಂಡ ರೆನೋ ಅಧ್ಯಕ್ಷ ಲೂಯಿ ಶ್ವೈಟ್ಜರ್, 5000 ಯೂರೋ ಬೆಲೆಯ ಆಧುನಿಕ ಕಾರೊಂದನ್ನು ಸಂಕಲ್ಪಿಸಿದರು. 1999ರಲ್ಲಿ ರುಮೇನಿಯಾದ ಡಾಚಿಯಾ ಕಾರ್ಖಾನೆ ರೆನೋ ವಶವಾಯಿತು. 2004ರಲ್ಲಿ ಅಲ್ಲಿಂದಲೇ ಲೋಗನ್ ಹೊರಬಂದಿತು. ಇದರ ವಿನ್ಯಾಸವನ್ನು ತ್ಯಾಗದ ಕಲೆಯೆಂದೇ ಹೇಳಬೇಕು. ಎಡಬಲದ ಹೊರಗನ್ನಡಿಗಳು ಒಂದೇ ಅಚ್ಚಿನವು, ಮುಂಗಾಜು ಹೆಚ್ಚು ಬಾಗದ್ದು, ಡ್ಯಾಶ್‌ಬೋರ್ಡ್ ಒಂದೇ ಎರಕದ್ದು. ಇದನ್ನು ಕೃಪಣತೆಯೆಂದು ಹಳಿದವರುಂಟು. ನನಗಾದರೋ ಇದು ಔಚಿತ್ಯಪ್ರಜ್ಞೆಯಾಗಿ ತೋರುತ್ತದೆ.

ಲೋಗನ್ನನ್ನು ಭಾರತದಲ್ಲಿ ತಯಾರಿಸಲು ಇಲ್ಲಿನ ಮಹೀಂದ್ರಾ ಸಂಸ್ಥೆಯೊಡನೆ ಮಹೀಂದ್ರಾ 51, ರೆನೋ 49 ಪ್ರತಿಶತ ಪಾಲಿನ ಒಡಂಬಡಿಕೆ 2005ರಲ್ಲಿ ಏರ್ಪಟ್ಟು, 2007ರಲ್ಲಿ ಕಾರು ಭಾರತದ ಮಾರುಕಟ್ಟೆಗೆ ಬಂದಿತು. ಆದರೆ ಅದಕ್ಕೆ ಒಂದು ವರ್ಷ ಮುಂಚೆಯೇ, 2006ರ ಕೇಂದ್ರ ಮುಂಗಡಪತ್ರವು ನಾಲ್ಕು ಮೀಟರ್ ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಅಥವಾ 1500 ಸಿಸಿಯೊಳಗಿನ ಡೀಸೆಲ್ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು 24ರಿಂದ 16 ಪ್ರತಿಶತಕ್ಕೆ ಇಳಿಸಿತ್ತು. ಲೋಗನ್ನಿನ ಡೀಸೆಲ್ ಎಂಜಿನ್ನು 1461 ಸಿಸಿ, ನಿಯಮದೊಳಗೆ; ಒಡಲು ಮಾತ್ರ ಸುಮಾರು ಕಾಲು ಮೀಟರು ಹೊರಗೆ. ಅಗ್ಗವಾಗಲೆಂದೇ ಹುಟ್ಟಿದ ಕಾರು ದೊಡ್ಡವರ ಸುಂಕವನ್ನು ತೆರಬೇಕಾಗಿ ಬಂದುದು, ನನ್ನ ಮಟ್ಟಿಗೆ, ಅದರ ಸಪ್ಪೆ ರೂಪಕ್ಕಿಂತ ಹೆಚ್ಚಿನ ಪೆಟ್ಟು.

2010ರಲ್ಲಿ ರೆನೋ ತನ್ನ ಪಾಲನ್ನು ಬಿಟ್ಟಿತು. 2011ರಲ್ಲಿ ಕಾರಿನ ಹೆಸರು ವೆರಿಟೊ ಆಯಿತು. 2013ರ ವೆರಿಟೊ ವೈಬ್‌ಗಾಗಿ ಅದರ ಹಿಂಬದಿಯನ್ನು ಕತ್ತರಿಸಿ ಉದ್ದವನ್ನು 3991 ಮಿಲಿಮೀಟರಿಗೆ ತಂದರು. ಸುಂಕವೇನೋ ತಗ್ಗಿತು, 510 ಲೀಟರಿನ ಡಿಕ್ಕಿಯೂ 330ಕ್ಕೆ ತಗ್ಗಿತು. ಉದ್ದಕ್ಕೆ ಸುಂಕದ ಲೆಕ್ಕವಿಲ್ಲದ ವಿದ್ಯುತ್ ವಾಹನಗಳ ವರ್ಗಕ್ಕೆ ಸೇರಿದ 2016ರ ಇ-ವೆರಿಟೊ ಮಾತ್ರ ಹಳೆಯ ಒಡಲನ್ನೇ ಇಟ್ಟುಕೊಂಡಿತು.