ರಿವಾಲ್ವರಿನ ನಳಿಗೆ: ಉದ್ದವೇ, ಗಿಡ್ಡವೇ?

ಖಡಕಿಯ ಮದ್ದುಗುಂಡು ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಸಂಘದ ಹಿರಿಯರೊಬ್ಬರು ಕಳೆದ ದಸರೆಯಂದು ನನ್ನನ್ನೊಂದು ಪ್ರಶ್ನೆ ಕೇಳಿದರು. ಅಮೆರಿಕದ ಟೆಕ್ಸಾಸಿನಲ್ಲಿರುವ ಅವರ ಮಗ ಗುರಿಯಭ್ಯಾಸದ ಹವ್ಯಾಸಕ್ಕಾಗಿ ಸಿಂಗಲ್ ಆ್ಯಕ್ಷನ್ ರಿವಾಲ್ವರೊಂದನ್ನು ಕೊಳ್ಳಲಿದ್ದಾನೆ. ಯಾವ ಅಳತೆಯ ನಳಿಗೆ ಮೇಲೆಂದು ತಂದೆಯನ್ನು ವಿಚಾರಿಸಿದ್ದಾನೆ. “ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ” ಎನ್ನುವಾಗ ಅವರ ಧ್ವನಿ ತಗ್ಗಿತು. ನಾನು ವಾಣಿಜ್ಯ ಪದವೀಧರ, ಶಸ್ತ್ರಪಂಡಿತನಲ್ಲ. ಆದರೂ ಅಭ್ಯಾಸ ಮಾಡಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಈ ಬಗೆಯ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು. ಆಗ ಗುಂಡುಗಳ ಉರುಳೆ ಒಂದು ಮನೆ ತಿರುಗುತ್ತದೆ. ಹ್ಯಾಮರನ್ನು ಬಿಡುಗಡೆ ಮಾಡುವುದಷ್ಟೇ ಟ್ರಿಗರಿನ ಕೆಲಸ. ೧೮೭೩ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಕೋಲ್ಟ್ ರಿವಾಲ್ವರು ಇದರ ಮಾದರಿ. ಅದರ ನಳಿಗೆಗಳಲ್ಲಿ ೪¾, ೫½ ಮತ್ತು ೭½ ಅಂಗುಲದವು ಪ್ರಸಿದ್ಧವಾದವು. ಅಶ್ವದಳದವರದು ಏಳೂವರೆ ಅಂಗುಲದ್ದು.

ಉದ್ದ ನಳಿಗೆಯ ಮುಖ್ಯ ಲಾಭವಿರುವುದು ಗುರಿಯಲ್ಲಿ. ಹಿಂದಿನ ಮತ್ತು ಮುಂದಿನ ಗುರಿಗುರುತುಗಳ ನಡುವಣ ಅಂತರ ೧೫೦ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಗುರುತು ಒಂದು ಮಿಲಿಮೀಟರ್ ಓರೆಯಾದರೆ ೧೫ ಮೀಟರ್ ದೂರದಲ್ಲಿ ಗುಂಡು ೧೦೦ ಮಿಲಿಮೀಟರ್ ತಪ್ಪುತ್ತದೆ. ಅಂತರ ೨೨೦ ಆದರೆ ತಪ್ಪು ಸುಮಾರು ೬೮ಕ್ಕೆ ಇಳಿಯುತ್ತದೆ. ಮದ್ದಿನ ಅನಿಲ ಗುಂಡನ್ನು ಹೆಚ್ಚು ದೂರ ತಳ್ಳುವುದರಿಂದ ವೇಗವೂ ಸ್ವಲ್ಪ ಏರುತ್ತದೆ. ಮುಂಭಾರದಿಂದ ಹಾರಿಸಿದಾಗಿನ ಎಗರುವಿಕೆ ತಗ್ಗುತ್ತದೆ. ಆದರೆ ಮಣಿಕಟ್ಟು ಬೇಗ ದಣಿಯುತ್ತದೆ. ಗಿಡ್ಡ ನಳಿಗೆ ಸೊಂಟದ ಚೀಲದಿಂದ ಸಲೀಸಾಗಿ ಹೊರಬರುತ್ತದೆ. ಆದರೆ ಅದರ ಬಾಯಿ ಹಾರಿಸುವವನಿಗೆ ಹತ್ತಿರವಾದ್ದರಿಂದ ಸದ್ದಿನ ಹೊಡೆತ ಹೆಚ್ಚು. ಗುಂಡಿನ ಸದ್ದು ಸಾಮಾನ್ಯವಾಗಿ ೧೪೦ ಡೆಸಿಬೆಲ್ ಮೀರುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ನಳಿಗೆ ಯಾವುದೇ ಇರಲಿ, ಕಿವಿರಕ್ಷೆ ಅನಿವಾರ್ಯ.

ಹೀಗಾಗಿ ಕೇವಲ ಗುರಿಯಭ್ಯಾಸಕ್ಕೆ ಏಳೂವರೆ ಅಂಗುಲ. ಕೈಗೆ ಅದು ಭಾರವೆನಿಸಿದರೆ ಐದೂವರೆ. ಹೊತ್ತು ತಿರುಗುವ ಉದ್ದೇಶವಿಲ್ಲದವನಿಗೆ ಗಿಡ್ಡದ್ದರಿಂದ ಲಾಭವಿಲ್ಲ. ನಮ್ಮ ದೇಶದಲ್ಲಾದರೋ ಈ ಆಯ್ಕೆಯೇ ವಿರಳ. ಕಾನ್ಪುರದ ಸರಕಾರಿ ಕಾರ್ಖಾನೆಯ .೩೨ ರಿವಾಲ್ವರುಗಳ ಪರಿಚಿತ ನಳಿಗೆ ಸುಮಾರು ಮೂರು ಅಂಗುಲದ್ದು. ಅದಕ್ಕೂ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು.

ಆದರೆ ಹಿರಿಯರನ್ನು ಕಾಡುತ್ತಿದ್ದುದು ಅಂಗುಲದ ಲೆಕ್ಕವಲ್ಲ. ಹಳೆಯ ವಿನ್ಯಾಸದಲ್ಲಿ, ಹ್ಯಾಮರು ಪೂರ್ತಿ ಇಳಿದಾಗ ಅದರ ಮೊನೆ ತೋಟೆಯ ಮೇಲೆಯೇ ಕುಳಿತಿರುತ್ತದೆ. ಕೈತಪ್ಪಿ ಬಿದ್ದರೆ ಗುಂಡು ಹಾರಬಹುದು. ಆದಕಾರಣ ಆರು ಮನೆಗಳ ಉರುಳೆಯಲ್ಲಿ ಐದೇ ತೋಟೆ ತುಂಬಿ, ಹ್ಯಾಮರಿನ ಕೆಳಗಿನ ಮನೆಯನ್ನು ಬರಿದಾಗಿಡುವುದು ಹಳಬರ ಕ್ರಮ. ೧೯೭೩ರಲ್ಲಿ ರೂಗರ್ ಸಂಸ್ಥೆ ಟ್ರಾನ್ಸ್‌ಫರ್ ಬಾರ್ ಎಂಬ ತಡೆಪಟ್ಟಿಯನ್ನು ತನ್ನ ಸಿಂಗಲ್ ಆ್ಯಕ್ಷನ್ ರಿವಾಲ್ವರುಗಳಲ್ಲಿ ಅಳವಡಿಸಿತು. ಟ್ರಿಗರ್ ಎಳೆದ ಹೊರತು ಹ್ಯಾಮರಿನ ಪೆಟ್ಟು ತೋಟೆಗೆ ತಾಗದು. ಕೊಳ್ಳುವಾಗ ಮೊದಲು ಕೇಳಬೇಕಾದುದು ಇದನ್ನು, ಅಂಗುಲವನ್ನು ಆಮೇಲೆ.

ನಮ್ಮ ಬ್ಯಾಂಕಿನ ತಿಜೋರಿಗೆ ಎರಡು ಕೀಲಿಗಳು, ಇಬ್ಬರು ಅಧಿಕಾರಿಗಳ ವಶದಲ್ಲಿ. ಮನೆಯಲ್ಲಿಯೂ ರಿವಾಲ್ವರು ಬರಿದಾಗಿ ಒಂದು ಬೀಗದಲ್ಲಿ, ತೋಟೆಗಳು ಬೇರೊಂದು ಬೀಗದಲ್ಲಿ ಇರಲಿ ಎಂದು ಮಗನಿಗೆ ತಿಳಿಸಲು ಹೇಳಿದೆ. ಹಿರಿಯರು ಕೈಚೀಲದಿಂದ ಕಾಗದ ತೆಗೆದು ಬರೆದುಕೊಂಡರು. ನಳಿಗೆಯ ಅಳತೆಯನ್ನು ಅವರು ಮತ್ತೆ ಕೇಳಲಿಲ್ಲ.